ಎದೆಗೆ ಏರಿದ ಜಠರ: ಹಯಾಟಸ್ ಹರ್ನಿಯಾ

ಚಿಂತಾಮಣಿಯ ಯಾವುದಾದರೂ ಔಷಧಿ ಅಂಗಡಿಯ ಮುಂದೆ ಸಂಜೆ ಹೊತ್ತು ಸ್ವಲ್ಪ ಕಾಲ ನಿಂತು ನೋಡಿ. ‘ಗ್ಯಾಸ್‌ಗೆ ಒಂದು ಮಾತ್ರೆ ಕೊಡಿ’ ಎಂಬ ಮಾತು ನಿಮ್ಮ ಕಿವಿಗೆ ಬೀಳದೆ ಇರದು. ಕನ್ನಡ, ತೆಲುಗು ಎರಡೂ ನಡೆಯುವ ಈ ಊರಿನಲ್ಲಿ ಎರಡು ಭಾಷೆಗಳಲ್ಲೂ ಇದಕ್ಕೆ ಇರುವುದು ಒಂದೇ ಪದ. ಊಟವಾದ ಮೇಲೆ ಎದೆ ಉರಿದರೂ ಗ್ಯಾಸ್, ಹುಳಿತೇಗು ಬಂದರೂ ಗ್ಯಾಸ್, ಹೊಟ್ಟೆ ಉಬ್ಬರಿಸಿದರೂ ಗ್ಯಾಸ್, ಎದೆ ಹಿಂಡಿದಂತಾದರೂ ಗ್ಯಾಸ್. ಆದರೆ ಈ ತೊಂದರೆಗಳಲ್ಲಿ ಹಲವಕ್ಕೆ ಅನಿಲ ಕಾರಣವೇ ಅಲ್ಲ. ಕೆಲವರಲ್ಲಿ ಹೊಟ್ಟೆಯಲ್ಲಿರಬೇಕಾದ ಜಠರದ ಒಂದು ಭಾಗ ತನ್ನ ಜಾಗ ಬಿಟ್ಟು ಎದೆಗೂಡಿನೊಳಕ್ಕೆ ಏರಿರುತ್ತದೆ. ಇದೇ ಹಯಾಟಸ್ ಹರ್ನಿಯಾ.

ಹಿಂದೆ ಈ ಹೆಸರು ಜನಸಾಮಾನ್ಯರ ಕಿವಿಗೆ ಬೀಳುತ್ತಿದ್ದುದು ಅಪರೂಪ. ಈಗ ಎಂಡೋಸ್ಕೋಪಿ ಪರೀಕ್ಷೆ ಕೋಲಾರ, ಬೆಂಗಳೂರುಗಳಲ್ಲಿ ಸುಲಭವಾಗಿ ಆಗುವುದರಿಂದ ವರದಿಯ ಕೊನೆಯ ಸಾಲಿನಲ್ಲಿ ‘ಸಣ್ಣ ಹಯಾಟಸ್ ಹರ್ನಿಯಾ’ ಎಂಬ ಮಾತು ಎಷ್ಟೋ ಜನರ ಕೈಗೆ ಬರುತ್ತಿದೆ. ಹರ್ನಿಯಾ ಎಂದ ಕೂಡಲೇ ತೊಡೆಸಂದಿನ ಹರ್ನಿಯಾ ನೆನಪಾಗಿ, ‘ಹಾಗಾದರೆ ಆಪರೇಷನ್ ಆಗಲೇಬೇಕೆ?’ ಎಂದು ಮನೆಮಂದಿ ಗಾಬರಿಯಾಗುತ್ತಾರೆ. ಬಹುಪಾಲು ಜನರಿಗೆ ಬೇಕಾಗುವುದಿಲ್ಲ. ಏಕೆ ಬೇಡ, ಯಾರಿಗೆ ಬೇಕು ಎಂಬುದು ತಿಳಿಯಬೇಕಾದರೆ ಮೊದಲು ಎದೆ ಮತ್ತು ಹೊಟ್ಟೆಯ ನಡುವಿನ ಗೋಡೆಯನ್ನು ನೋಡಬೇಕು.

ಗೋಡೆ ಮತ್ತು ಅದರ ಕಿಂಡಿ

ನಿಮ್ಮ ಶರೀರದಲ್ಲಿ ಎದೆಗೂಡನ್ನೂ ಉದರವನ್ನೂ ಬೇರ್ಪಡಿಸುವ ಗುಮ್ಮಟಾಕಾರದ ಸ್ನಾಯುವೇ ವಪೆ. ಉಸಿರಾಟದ ಪಾಠ ಮಾಡುವಾಗ ಅದು ಮೇಲೆ ಕೆಳಗೆ ಚಲಿಸಿ ಶ್ವಾಸಕೋಶಗಳಿಗೆ ಗಾಳಿ ತುಂಬಿಸುತ್ತದೆ ಎಂದು ಹೇಳಿರುತ್ತೀರಿ. ಆದರೆ ವಪೆಯು ಸಂಪೂರ್ಣ ಮುಚ್ಚಿದ ಗೋಡೆಯಲ್ಲ. ಎದೆಯಿಂದ ಹೊಟ್ಟೆಗೂ, ಹೊಟ್ಟೆಯಿಂದ ಎದೆಗೂ ಹೋಗಬೇಕಾದ ಕೊಳವೆಗಳಿಗೆ ಅದರಲ್ಲಿ ಮೂರು ಮುಖ್ಯ ದಾರಿಗಳಿವೆ. ಬೆನ್ನುಮೂಳೆಯ ಎದೆಭಾಗದ 8ನೆಯ ಕಶೇರುಮಣಿಯ ಮಟ್ಟದಲ್ಲಿ ಕೆಳ ಮಹಾಅಭಿಧಮನಿ, 10ನೆಯದರ ಮಟ್ಟದಲ್ಲಿ ಅನ್ನನಾಳ, 12ನೆಯದರ ಮಟ್ಟದಲ್ಲಿ ಮಹಾಪಧಮನಿ ಹಾದುಹೋಗುತ್ತವೆ. ಈ ಪೈಕಿ ಅನ್ನನಾಳದ ಕಿಂಡಿಗೆ ಒಂದು ವಿಶೇಷವಿದೆ. ಅದರ ಅಂಚು ವಪೆಯ ಸ್ನಾಯುವಿನಿಂದಲೇ ಆಗಿದೆ. ಅನ್ನನಾಳವು ಆಹಾರ ಬಂದಾಗ ಹಿಗ್ಗಬೇಕು, ಉಳಿದ ಹೊತ್ತು ಕುಗ್ಗಿರಬೇಕು. ಹೀಗಾಗಿ ಈ ಕಿಂಡಿಯನ್ನು ಮೂಳೆಯಂತೆ ಬಿಗಿಯಾಗಿ ಕಟ್ಟಲು ಪ್ರಕೃತಿಗೆ ಸಾಧ್ಯವಿರಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಹಯಾಟಸ್ ಎಂದರೆ ಬಿರುಕು, ತೆರಪು ಎಂದೇ ಅರ್ಥ.

ಅನ್ನನಾಳ ಸುಮಾರು 25 ಸೆಂ.ಮೀ. ಉದ್ದದ ಸ್ನಾಯುವಿನ ಕೊಳವೆ. ಅದರ ಕೊನೆಯ ಸ್ವಲ್ಪ ಭಾಗ ಈ ಕಿಂಡಿಯನ್ನು ದಾಟಿ ಹೊಟ್ಟೆಯೊಳಗೆ ಇಳಿದು ಜಠರವನ್ನು ಸೇರುತ್ತದೆ. ತೆಳುವಾದ ಒಂದು ಪೊರೆ ಅದನ್ನು ಕಿಂಡಿಯ ಅಂಚಿಗೆ ಸುತ್ತಲೂ ಬಂಧಿಸಿರುತ್ತದೆ. ನೀವು ಒಂದು ಗುಟುಕು ನೀರು ನುಂಗಿದಾಗಲೂ ಅನ್ನನಾಳ ತುಸು ಮೊಟಕಾಗಿ, ಜಠರದ ಕೂಡುಗೆಯು ಮೇಲಕ್ಕೆ ಜಗ್ಗಿ, ಮತ್ತೆ ಕೆಳಕ್ಕೆ ಬರುತ್ತದೆ. ದಿನಕ್ಕೆ ನೂರಾರು ಬಾರಿ ನಡೆಯುವ ಈ ಜಗ್ಗಾಟವನ್ನು ಆ ಪೊರೆ ಜೀವನಪರ್ಯಂತ ತಾಳಿಕೊಳ್ಳಬೇಕು. ವಯಸ್ಸಾದಂತೆ ಅದು ಸಡಿಲವಾಗುವುದರಲ್ಲಿ ಆಶ್ಚರ್ಯವೇನಿದೆ?

ಎರಡು ಬೀಗಗಳ ಕತೆ

ಜಠರದ ರಸ ಪ್ರಬಲ ಆಮ್ಲ. ಊಟವಿಲ್ಲದ ವೇಳೆಯಲ್ಲಿ ಅದರ ಪಿಎಚ್ ಸಾಮಾನ್ಯವಾಗಿ 1.5ರಿಂದ 3.5ರವರೆಗೆ ಇರುತ್ತದೆ. ಪಿಎಚ್ ಮಾನದಂಡದಲ್ಲಿ ಒಂದು ಅಂಕಿ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಹೆಚ್ಚುತ್ತದೆ ಎಂಬುದು ನಿಮಗೆ ಗೊತ್ತಿದೆ. ಅಂದರೆ ಪಿಎಚ್ 2 ಇರುವ ರಸದಲ್ಲಿ ಶುದ್ಧ ನೀರಿಗಿಂತ 1 ಲಕ್ಷ ಪಟ್ಟು ಹೆಚ್ಚು ಹೈಡ್ರೋಜನ್ ಅಯಾನುಗಳಿರುತ್ತವೆ. ಜಠರದ ಒಳಗೋಡೆಗೆ ಲೋಳೆ ಮತ್ತು ಬೈಕಾರ್ಬೊನೇಟಿನ ಲೇಪವಿರುವುದರಿಂದ ಅದು ತಾಳುತ್ತದೆ. ಅನ್ನನಾಳಕ್ಕೆ ಅಂಥ ರಕ್ಷಣೆ ಇಲ್ಲ. ಆದ್ದರಿಂದ ಕೂಡುಗೆಯಲ್ಲಿ ಒಂದು ಬೀಗ ಬೇಕು.

ಇರುವುದು ಒಂದಲ್ಲ, ಎರಡು. ಮೊದಲನೆಯದು ಅನ್ನನಾಳದ ತುದಿಯಲ್ಲಿ 3-4 ಸೆಂ.ಮೀ. ಉದ್ದಕ್ಕೆ ಸದಾ ಬಿಗಿದುಕೊಂಡಿರುವ ಸ್ನಾಯುಪಟ್ಟಿ. ಇದಕ್ಕೆ ಸಂಕೋಚಕ ಎನ್ನೋಣ. ವಿಶ್ರಾಂತಿಯಲ್ಲಿ ಇದರ ಒತ್ತಡ ಸಾಮಾನ್ಯವಾಗಿ ಪಾದರಸದ 10ರಿಂದ 30 ಮಿ.ಮೀ.ಯಷ್ಟಿರುತ್ತದೆ. ಎರಡನೆಯದು ಅದೇ ಜಾಗದಲ್ಲಿ ಹೊರಗಿನಿಂದ ಅಪ್ಪಿಕೊಂಡಿರುವ ವಪೆಯ ಸ್ನಾಯು. ನೀವು ಉಸಿರೆಳೆದಾಗ, ಕೆಮ್ಮಿದಾಗ, ಭಾರ ಎತ್ತಿದಾಗ ಹೊಟ್ಟೆಯ ಒತ್ತಡ ಏರುತ್ತದೆ. ಸರಿಯಾಗಿ ಅದೇ ಕ್ಷಣದಲ್ಲಿ ವಪೆ ಬಿಗಿಯಾಗಿ ಅನ್ನನಾಳವನ್ನು ಹಿಚುಕಿ ಹಿಡಿಯುತ್ತದೆ. ಬಾಗಿಲಿಗೆ ಒಳಚಿಲಕ ಹಾಕಿ, ಹೊರಗಿನಿಂದ ಒಬ್ಬರು ಅದುಮಿ ಹಿಡಿದಂತೆ.

ಹಯಾಟಸ್ ಹರ್ನಿಯಾದಲ್ಲಿ ಆಗುವ ಮುಖ್ಯ ಅನಾಹುತ ಇಲ್ಲಿದೆ. ಕೂಡುಗೆಯು ಕಿಂಡಿಯ ಮೂಲಕ ಮೇಲಕ್ಕೆ ಜಾರಿದಾಗ ಒಳಬೀಗ ಎದೆಯೊಳಕ್ಕೆ ಹೋಗುತ್ತದೆ, ಹೊರಬೀಗ ಹಳೆಯ ಜಾಗದಲ್ಲೇ ಉಳಿಯುತ್ತದೆ. ಎರಡೂ ಕೆಲಸ ಮಾಡುತ್ತಿದ್ದರೂ ಒಟ್ಟಾಗಿ ಮಾಡುವುದಿಲ್ಲ. ಅಲ್ಲದೆ ಅವೆರಡರ ನಡುವೆ ಜಠರದ ಒಂದು ಸಣ್ಣ ಚೀಲ ಸಿಕ್ಕಿಕೊಂಡು, ಅದರಲ್ಲಿ ಆಮ್ಲ ನಿಂತಿರುತ್ತದೆ. ಮುಂದಿನ ಬಾರಿ ಸಂಕೋಚಕ ಸಡಿಲವಾದಾಗ ಆ ಆಮ್ಲ ನೇರ ಮೇಲಕ್ಕೆ ನುಗ್ಗುತ್ತದೆ. ನೆನಪಿಡಿ, ತೇಗು ಹೊರಬರಲೆಂದು ಸಂಕೋಚಕ ಎಲ್ಲರಲ್ಲೂ ಆಗಾಗ ಸಡಿಲವಾಗುತ್ತಲೇ ಇರುತ್ತದೆ. ಹರ್ನಿಯಾ ಇಲ್ಲದವರಿಗೂ ಎದೆಯುರಿ ಬರಬಹುದು. ಹರ್ನಿಯಾ ಇದ್ದೂ ಎದೆಯುರಿ ಇಲ್ಲದವರು ಬೇಕಾದಷ್ಟಿದ್ದಾರೆ. ಹರ್ನಿಯಾ ಎನ್ನುವುದು ಒಂದು ಸ್ಥಾನಪಲ್ಲಟ, ಆಮ್ಲದ ಹಿಮ್ಮುಖ ಹರಿವು ಅದರಿಂದ ಆಗಬಹುದಾದ ಒಂದು ಪರಿಣಾಮ. ಚಿಕಿತ್ಸೆಯ ಗುರಿ ಬಹುತೇಕ ಎರಡನೆಯದು, ಮೊದಲನೆಯದಲ್ಲ. ವರದಿ ಓದಿ ಹೆದರುವವರಿಗೆ ಹೇಳಬೇಕಾದ ಮೊದಲ ಮಾತು ಇದು.

ತರಗತಿಯಲ್ಲಿ ಮಾಡಿ ನೋಡಿ

ಗಟ್ಟಿಯಾದ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದುಕೊಳ್ಳಿ. ಅದರ ತಳಕ್ಕೆ ಸಣ್ಣ ತೂತು ಮಾಡಿ, ತೆಳು ಕೊಳವೆ ತೂರಿಸಿ, ಸುತ್ತ ಮೇಣದಿಂದ ಗಾಳಿಯಾಡದಂತೆ ಮುಚ್ಚಿ. ಮುಚ್ಚಳದ ನಡುವೆ ಸುಮಾರು 1 ಸೆಂ.ಮೀ. ಅಗಲದ ದುಂಡು ತೂತು ಮಾಡಿ. ಅಂಚು ಚೂಪಾಗಿರದಂತೆ ಉಜ್ಜಿ. ಬಲೂನಿಗೆ ಅರ್ಧ ನೀರು ತುಂಬಿ ಬಾಯಿ ಕಟ್ಟಿ, ಅದನ್ನು ಮುಚ್ಚಳದ ತೂತಿಗೆ ಹೊರಗಿನಿಂದ ಒತ್ತಿ ಹಿಡಿಯಿರಿ. ಈಗ ಕೊಳವೆಯಿಂದ ಡಬ್ಬಿಯೊಳಗಿನ ಗಾಳಿಯನ್ನು ಬಾಯಿಯಿಂದ ಎಳೆಯಿರಿ. ಬಲೂನಿನ ತುದಿ ತೂತಿನ ಮೂಲಕ ಒಳಕ್ಕೆ ಉಬ್ಬಿ ಬರುವುದನ್ನು ಕಾಣುವಿರಿ. ಎಳೆಯುವುದನ್ನು ಬಿಟ್ಟ ಕೂಡಲೇ ಅದು ಹಿಂದಕ್ಕೆ ಸರಿಯುತ್ತದೆ. ಬೇರೊಂದು ಮುಚ್ಚಳಕ್ಕೆ 2.5 ಸೆಂ.ಮೀ. ತೂತು ಮಾಡಿ ಮತ್ತೆ ನೋಡಿದರೆ ಉಬ್ಬು ಎಷ್ಟೋ ದೊಡ್ಡದು.

ಡಬ್ಬಿ ಎದೆಗೂಡು, ಮುಚ್ಚಳ ವಪೆ, ಬಲೂನು ಜಠರ. ಎದೆಗೂಡಿನೊಳಗಿನ ಒತ್ತಡ ಸಾಮಾನ್ಯವಾಗಿ ವಾಯುಮಂಡಲದ ಒತ್ತಡಕ್ಕಿಂತ ತುಸು ಕಡಿಮೆ, ಹೊಟ್ಟೆಯೊಳಗಿನದು ತುಸು ಹೆಚ್ಚು. ಈ ವ್ಯತ್ಯಾಸ ಹಗಲಿರುಳೂ ಜಠರವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಕಿಂಡಿ ಕಿರಿದಾಗಿದ್ದರೆ ಏನೂ ಆಗದು, ಸಡಿಲವಾಗಿದ್ದರೆ ಜಾರುತ್ತದೆ.

ಯಾರಲ್ಲಿ, ಯಾವ ಬಗೆ?

ವಯಸ್ಸು 50 ದಾಟಿದವರಲ್ಲಿ ಇದು ಹೆಚ್ಚು. ಬೊಜ್ಜು, ಗರ್ಭಧಾರಣೆ, ದೀರ್ಘಕಾಲದ ಕೆಮ್ಮು, ಮಲಬದ್ಧತೆಯಿಂದ ತಿಣುಕುವುದು, ಭಾರ ಎತ್ತುವ ಕೆಲಸ ಇವೆಲ್ಲ ಹೊಟ್ಟೆಯ ಒತ್ತಡವನ್ನು ಹೆಚ್ಚಿಸುತ್ತವೆ. ಚಿಂತಾಮಣಿಯ ಮಾರುಕಟ್ಟೆಯಲ್ಲಿ ಇಡೀ ದಿನ ಟೊಮೆಟೊ ಕ್ರೇಟು ಎತ್ತಿ ಇಳಿಸುವವರನ್ನು ನೆನೆಸಿಕೊಳ್ಳಿ. ಆದರೆ ಭಾರ ಹೊರುವವರಿಗೆಲ್ಲ ಹರ್ನಿಯಾ ಬರುವುದಿಲ್ಲ. ಹುಟ್ಟಿನಿಂದಲೇ ಕಿಂಡಿ ಅಗಲವಾಗಿರುವುದು, ಅಂಗಾಂಶಗಳ ಗಟ್ಟಿತನ ಇವೂ ಲೆಕ್ಕಕ್ಕೆ ಬರುತ್ತವೆ.

ಇಲ್ಲಿ ನಮ್ಮ ರಾಗಿಯ ಪ್ರಸ್ತಾಪ ಬರುತ್ತದೆ. ಆಫ್ರಿಕದಲ್ಲಿ ಬಹುಕಾಲ ಕೆಲಸ ಮಾಡಿದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1973ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ವಾದ ಮಂಡಿಸಿದರು. ನಾರಿಲ್ಲದ ಆಹಾರ ತಿನ್ನುವ ಪಾಶ್ಚಾತ್ಯರಲ್ಲಿ ಹಯಾಟಸ್ ಹರ್ನಿಯಾ ಹೆಚ್ಚು, ನಾರು ಹೇರಳವಾಗಿ ತಿನ್ನುವ ಹಳ್ಳಿಗರಲ್ಲಿ ಅಪರೂಪ. ಗಟ್ಟಿಮಲಕ್ಕಾಗಿ ತಿಣುಕುವುದೇ ಜಠರವನ್ನು ಮೇಲಕ್ಕೆ ತಳ್ಳುತ್ತದೆ ಎಂಬುದು ಅವರ ಊಹೆ. ಇದು ಇಂದಿಗೂ ಪೂರ್ತಿ ಸಾಬೀತಾಗಿಲ್ಲ. ಹಳ್ಳಿಗಳಲ್ಲಿ ಪರೀಕ್ಷೆಯೇ ಆಗುತ್ತಿರಲಿಲ್ಲವಾದ್ದರಿಂದ ಅಪರೂಪ ಎನಿಸಿರಲೂಬಹುದು. ಆದರೂ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಕಾಲು ಭಾಗವೂ ಸರಿಯಾಗಿ ಇಲ್ಲ ಎಂಬುದು ಗಮನಿಸತಕ್ಕದ್ದು. ಎದೆಯುರಿ ಬಂದ ಕೂಡಲೇ ಮುದ್ದೆಯನ್ನು ಬೈಯುವವರಿದ್ದಾರೆ. ಮುದ್ದೆಯ ತಪ್ಪು ಕಡಿಮೆ. ಅದನ್ನು ಉಂಡ ಹೊತ್ತಿನದು ಮತ್ತು ಉಂಡು ಮಲಗಿದ ರೀತಿಯದು ಹೆಚ್ಚು. ಆ ಮಾತಿಗೆ ಮುಂದೆ ಬರೋಣ.

ಸುಮಾರು ನೂರಕ್ಕೆ 95 ಹಯಾಟಸ್ ಹರ್ನಿಯಾಗಳು ‘ಜಾರು’ ಬಗೆಯವು. ಕೂಡುಗೆಯೂ ಜಠರದ ಮೇಲ್ಭಾಗವೂ ಒಟ್ಟಿಗೆ ಮೇಲೆ ಹೋಗಿ, ಕೆಳಗೆ ಬಂದು ಮಾಡುತ್ತಿರುತ್ತವೆ, ನಮ್ಮ ಬಲೂನಿನ ಹಾಗೆ. ಉಳಿದವುಗಳಲ್ಲಿ ಕೂಡುಗೆ ತನ್ನ ಜಾಗದಲ್ಲೇ ಇದ್ದು, ಜಠರದ ಗುಮ್ಮಟ ಮಾತ್ರ ಅನ್ನನಾಳದ ಪಕ್ಕದಿಂದ ನುಸುಳಿ ಎದೆಗೆ ಏರಬಹುದು. ಎರಡೂ ಬಗೆ ಸೇರಿರಬಹುದು. ಕಿಂಡಿ ತೀರ ಅಗಲವಾದರೆ ಕರುಳಿನ ಭಾಗವೂ ಜಠರವನ್ನು ಹಿಂಬಾಲಿಸಬಹುದು. ಪಕ್ಕದಿಂದ ನುಸುಳುವ ಬಗೆ ವಿರಳ, ಆದರೆ ಅಪಾಯಕಾರಿ. ಜಠರ ತಿರುಚಿಕೊಂಡು ರಕ್ತಸಂಚಾರ ನಿಲ್ಲುವ ಸಂಭವ ಇರುವುದು ಅದರಲ್ಲಿಯೇ. ಮೇಲ್ಹೊಟ್ಟೆಯಲ್ಲಿ ಅಥವಾ ಎದೆಯಲ್ಲಿ ತೀವ್ರ ನೋವು, ಓಕರಿಕೆ ಬಂದೂ ಏನೂ ಹೊರಬಾರದಿರುವುದು, ಇವು ಜೊತೆಗೂಡಿದರೆ ಒಂದು ಗಂಟೆಯೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ನವಜಾತ ಶಿಶುಗಳಲ್ಲಿ ವಪೆಯೇ ಪೂರ್ಣವಾಗಿ ರೂಪುಗೊಳ್ಳದೆ ಕರುಳು ಎದೆಗೆ ಸೇರುವುದುಂಟು. ಅದು ಬೇರೆಯದೇ ಆದ ತೊಂದರೆ.

ಲಕ್ಷಣಗಳು

ಸಣ್ಣ ಜಾರು ಹರ್ನಿಯಾ ಇರುವ ಬಹಳ ಜನರಿಗೆ ಅದು ಇರುವುದೇ ತಿಳಿಯುವುದಿಲ್ಲ. ತೊಂದರೆ ಕೊಟ್ಟರೆ ಮೊದಲು ಕಾಣುವುದು ಎದೆಮೂಳೆಯ ಹಿಂದಿನ ಉರಿ, ಹುಳಿತೇಗು, ಉಂಡದ್ದು ಗಂಟಲಿಗೆ ಬಂದಂತಾಗುವುದು. ಬಗ್ಗಿ ಕಳೆ ಕೀಳುವಾಗ, ರೇಷ್ಮೆಹುಳುವಿನ ತಟ್ಟೆ ಬದಲಿಸಲು ಬಾಗಿದಾಗ, ರಾತ್ರಿ ಮಲಗಿದಾಗ ಇದು ಹೆಚ್ಚುತ್ತದೆ. ಆಮ್ಲ ಗಂಟಲವರೆಗೆ ಬಂದರೆ ರಾತ್ರಿ ಒಣಕೆಮ್ಮು, ಬೆಳಿಗ್ಗೆ ದನಿ ಒಡೆಯುವುದು, ಹಲ್ಲಿನ ಎನಾಮೆಲ್ ಸವೆಯುವುದು ಆಗಬಹುದು. ಪಾಠ ಮಾಡಿ ದನಿ ಕಟ್ಟಿತು ಎಂದುಕೊಳ್ಳುವ ಶಿಕ್ಷಕರಲ್ಲಿ ಕೆಲವರ ತೊಂದರೆಯ ಮೂಲ ಗಂಟಲಲ್ಲಿ ಇರುವುದಿಲ್ಲ, ಜಠರದಲ್ಲಿರುತ್ತದೆ.

ಇನ್ನೊಂದು ಲಕ್ಷಣವನ್ನು ಸಾಮಾನ್ಯವಾಗಿ ಯಾರೂ ಹೊಟ್ಟೆಗೆ ಜೋಡಿಸುವುದಿಲ್ಲ. ಅದು ರಕ್ತಹೀನತೆ. ದೊಡ್ಡ ಹರ್ನಿಯಾದಲ್ಲಿ ಜಠರ ವಪೆಯ ಅಂಚಿಗೆ ಉಜ್ಜಿ ಉಜ್ಜಿ ಗೀರುಗಳಾಗಿ, ಕಣ್ಣಿಗೆ ಕಾಣದಷ್ಟು ರಕ್ತ ದಿನವೂ ಸೋರುತ್ತದೆ. 1986ರಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದ ವೈದ್ಯರ ಹೆಸರಿನಿಂದ ಇವನ್ನು ಕ್ಯಾಮೆರಾನ್ ಗಾಯಗಳು ಎನ್ನುತ್ತಾರೆ. ವಯಸ್ಸಾದ ಅಜ್ಜಿಗೆ ಕಬ್ಬಿಣದ ಮಾತ್ರೆ ಎಷ್ಟು ಕೊಟ್ಟರೂ ರಕ್ತ ಏರುತ್ತಿಲ್ಲವೆಂದರೆ ಸೊಪ್ಪು ತಿನ್ನುತ್ತಿಲ್ಲವೆಂದು ಗದರುವ ಬದಲು ಜಠರವನ್ನೊಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಹೊಟ್ಟೆಯ ತೊಂದರೆಯೆಲ್ಲ ಹರ್ನಿಯಾ ಎಂದೂ ತಿಳಿಯಬಾರದು. ಉದಾಹರಣೆಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗಳಿಗೆ ಆಗುವ ಹಾನಿ ಎಲ್ಲರಿಗೂ ಗೊತ್ತು. ಹೊಟ್ಟೆನೋವು, ವಾಕರಿಕೆಯೂ ಬರಬಹುದೆಂಬುದು ಅಷ್ಟಾಗಿ ಗೊತ್ತಿಲ್ಲ.

ಹೃದಯವೋ, ಜಠರವೋ?

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ನೀವು ವಿದ್ಯಾರ್ಥಿಗಳ ಮನೆಗಳಿಗೆ ಮುಟ್ಟಿಸುವುದಾದರೆ ಇದನ್ನು ಮುಟ್ಟಿಸಿ. ಅನ್ನನಾಳ ಮತ್ತು ಹೃದಯ ಎದೆಯೊಳಗೆ ಒಂದಕ್ಕೊಂದು ತಾಗಿಕೊಂಡಿವೆ. ಎರಡರಿಂದಲೂ ನೋವಿನ ಸುದ್ದಿಯನ್ನು ಒಯ್ಯುವ ನರಗಳು ಬೆನ್ನುಹುರಿಯ ಹೆಚ್ಚುಕಡಿಮೆ ಒಂದೇ ಮಟ್ಟಗಳನ್ನು ಸೇರುತ್ತವೆ. ಆದ್ದರಿಂದ ಮಿದುಳಿಗೇ ಕೆಲವೊಮ್ಮೆ ಗೊಂದಲವಾಗುತ್ತದೆ.

ಆಮ್ಲದ ತೊಂದರೆ ಸಾಮಾನ್ಯವಾಗಿ ಉರಿ. ಊಟದ ನಂತರ, ಮಲಗಿದಾಗ, ಬಾಗಿದಾಗ ಬರುತ್ತದೆ, ಬಾಯಿ ಹುಳಿಯಾಗುತ್ತದೆ. ಹೃದಯದ ನೋವು ಸಾಮಾನ್ಯವಾಗಿ ಭಾರ ಹೇರಿದಂತೆ, ಹಿಂಡಿದಂತೆ ಇರುತ್ತದೆ. ನಡೆದಾಗ, ಮೆಟ್ಟಿಲು ಹತ್ತಿದಾಗ ಬಂದು ನಿಂತರೆ ಕಡಿಮೆಯಾಗಬಹುದು. ಎಡತೋಳು, ದವಡೆ, ಬೆನ್ನಿಗೆ ಹರಡಬಹುದು. ತಣ್ಣನೆಯ ಬೆವರು, ಏದುಸಿರು ಜೊತೆಗಿರಬಹುದು. ಆದರೆ ಈ ಪಟ್ಟಿಯನ್ನು ನಂಬಿ ಮನೆಯಲ್ಲೇ ತೀರ್ಮಾನ ಮಾಡುವಂತಿಲ್ಲ. ಹೃದಯದ ಕೆಳಭಾಗಕ್ಕೆ ಆಘಾತವಾದಾಗ ಮೇಲ್ಹೊಟ್ಟೆ ನೋವು, ವಾಂತಿ ಮಾತ್ರ ಕಾಣಬಹುದು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವೃದ್ಧರಲ್ಲಿ ಲಕ್ಷಣಗಳು ಅಸ್ಪಷ್ಟವಾಗಿರುವುದು ಹೆಚ್ಚು. ಗೋಲಿ ಸೋಡ ಕುಡಿದಾಗ ನೋವು ಇಳಿಯಿತೆಂಬುದು ಹೃದಯ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಹೊಸದಾಗಿ ಬಂದ, ಹದಿನೈದು ಇಪ್ಪತ್ತು ನಿಮಿಷವಾದರೂ ಇಳಿಯದ ಎದೆನೋವಿಗೆ ಮೊದಲು ಇಸಿಜಿ, ಆಮೇಲೆ ಆಮ್ಲದ ಮಾತು. ಬೆಂಗಳೂರು ಇಲ್ಲಿಂದ ಸುಮಾರು 75 ಕಿ.ಮೀ. ಎಂದು ರಾತ್ರಿ ಕಳೆಯಲು ಕಾಯಬೇಕಾಗಿಲ್ಲ. ‘ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಗಳ ತಜ್ಞರು ದೂರದಿಂದಲೇ ನೋಡಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಡಿಸುವ ವ್ಯವಸ್ಥೆ ರಾಜ್ಯದಲ್ಲಿದೆ. 108ಕ್ಕೆ ಕರೆ ಮಾಡಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗುವುದೇ ಸರಿ.

ಪತ್ತೆ ಹೇಗೆ?

ಹೃದಯದ ಮಾತು ಇತ್ಯರ್ಥವಾದ ಮೇಲೆ ಜಠರದ ಪರೀಕ್ಷೆ. ಬೇರಿಯಂ ಸಲ್ಫೇಟ್ ಬೆರೆಸಿದ ಬಿಳಿಯ ದ್ರವ ಕುಡಿಸಿ ಎಕ್ಸ್-ರೇ ತೆಗೆಯುವುದು ಹಳೆಯ ವಿಧಾನ. ಸ್ವೀಡನ್ನಿನ ಓಕೆ ಓಕರ್ಲುಂಡ್ 1926ರಲ್ಲಿ ಹಯಾಟಸ್ ಹರ್ನಿಯಾಗಳನ್ನು ವರ್ಗೀಕರಿಸಿದ್ದು ಎಕ್ಸ್-ರೇಗಳನ್ನು ನೋಡಿಯೇ. ದೊಡ್ಡ ಹರ್ನಿಯಾದ ಆಕಾರ ತಿಳಿಯಲು ಇದು ಇಂದಿಗೂ ಉಪಯುಕ್ತ. ಎಂಡೋಸ್ಕೋಪಿಯಲ್ಲಿ ಅನ್ನನಾಳದ ತಿಳಿಗುಲಾಬಿ ಒಳಪೊರೆ ಮುಗಿದು ಜಠರದ ಕೆಂಪು ಪೊರೆ ತೊಡಗುವ ಗೆರೆಗೂ, ವಪೆ ಒತ್ತಿದ ಗುರುತಿಗೂ ನಡುವಿನ ಅಂತರ ಅಳೆಯುತ್ತಾರೆ. ಅದು 2 ಸೆಂ.ಮೀ.ಗಿಂತ ಹೆಚ್ಚಿದ್ದರೆ ಹರ್ನಿಯಾ. ನುಂಗುವಾಗ ಕೂಡುಗೆ ತಾನಾಗಿ ಅಷ್ಟು ಮೇಲೆ ಕೆಳಗೆ ಆಗುತ್ತದೆಂಬುದನ್ನು ಆಗಲೇ ನೋಡಿದೆವಲ್ಲ, ಅದಕ್ಕಿಂತ ಕಡಿಮೆ ಅಂತರಕ್ಕೆ ಹೆಚ್ಚು ಅರ್ಥ ಕೊಡಬೇಕಾಗಿಲ್ಲ. ಆಮ್ಲದಿಂದ ಒಳಪೊರೆಗೆ ಹುಣ್ಣಾಗಿದೆಯೇ, ಪೊರೆಯ ಸ್ವರೂಪವೇ ಬದಲಾಗಿದೆಯೇ ಎಂಬುದೂ ಇಲ್ಲೇ ತಿಳಿಯುತ್ತದೆ. ಈ ಬದಲಾವಣೆಗೆ ಬ್ಯಾರೆಟ್ ಅನ್ನನಾಳ ಎನ್ನುತ್ತಾರೆ. ಅದು ಕ್ಯಾನ್ಸರ್ ಅಲ್ಲ, ಆದರೆ ಕೆಲವರಲ್ಲಿ ಆ ದಾರಿ ಹಿಡಿಯಬಹುದಾದ್ದರಿಂದ ನಿಗಾ ಬೇಕು.

ನುಂಗಿದ್ದು ಎದೆಯಲ್ಲಿ ಸಿಕ್ಕಿಕೊಳ್ಳುವುದು, ತೂಕ ಇಳಿಯುವುದು, ಕಪ್ಪು ಮಲ, ರಕ್ತವಾಂತಿ, ಕಾರಣ ತಿಳಿಯದ ರಕ್ತಹೀನತೆ ಇವು ಇದ್ದವರು ಮಾತ್ರೆ ನುಂಗಿ ದಿನ ದೂಡದೆ ಎಂಡೋಸ್ಕೋಪಿ ಮಾಡಿಸಿಕೊಳ್ಳಲೇಬೇಕು.

ಊಟ, ಹಾಸಿಗೆ, ಲಾಡಿ

ಜಠರ ಗಟ್ಟಿ ಆಹಾರವನ್ನು ಕರುಳಿಗೆ ದಾಟಿಸಿ ಖಾಲಿಯಾಗಲು 3-4 ಗಂಟೆ ಬೇಕು. ಹಿಪ್ಪುನೇರಳೆ ಸೊಪ್ಪು ಹಾಕಿ ಮುಗಿಸುವ ಹೊತ್ತಿಗೆ ರಾತ್ರಿ ಒಂಬತ್ತೂವರೆ, ಆಮೇಲೆ ದೊಡ್ಡ ಮುದ್ದೆ, ಹತ್ತು ಗಂಟೆಗೆ ಚಾಪೆ. ತುಂಬಿದ ಜಠರ ಮಟ್ಟಸವಾಗಿ ಮಲಗಿತೆಂದರೆ ಗುರುತ್ವದ ಸಹಾಯ ಇಲ್ಲ, ನಿದ್ದೆಯಲ್ಲಿ ಜೊಲ್ಲು ನುಂಗಿ ಆಮ್ಲ ತೊಳೆಯುವ ಕೆಲಸವೂ ನಿಧಾನ. ರಾತ್ರಿಯ ಊಟವನ್ನು ಮಲಗುವುದಕ್ಕೆ ಮೂರು ಗಂಟೆ ಮೊದಲು, ಸಣ್ಣ ಪ್ರಮಾಣದಲ್ಲಿ ಮಾಡಿದರೆ ಹಲವರ ಅರ್ಧ ತೊಂದರೆ ಇಳಿಯುತ್ತದೆ. ಮುದ್ದೆ ಬಿಡಬೇಕಾಗಿಲ್ಲ, ದೊಡ್ಡ ಮುದ್ದೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡು ರಾತ್ರಿ ಚಿಕ್ಕದನ್ನು ಬೇಗ ಉಂಡರೆ ಸಾಕು.

ತಲೆಯ ಕಡೆ ಎತ್ತರಿಸಿ ಮಲಗಬೇಕೆಂದು ವೈದ್ಯರು ಹೇಳುತ್ತಾರೆ. ಜನ ಎರಡು ದಿಂಬು ಇಟ್ಟುಕೊಳ್ಳುತ್ತಾರೆ. ಅದರಿಂದ ಕತ್ತು ಬಾಗಿ ಹೊಟ್ಟೆ ಮಡಿಸಿಕೊಂಡು ಒತ್ತಡ ಹೆಚ್ಚುತ್ತದೆಯೇ ಹೊರತು ಉಪಯೋಗವಿಲ್ಲ. ಮಂಚವಿದ್ದರೆ ತಲೆಯ ಕಡೆಯ ಕಾಲುಗಳ ಕೆಳಗೆ ಸುಮಾರು 15 ಸೆಂ.ಮೀ. ಎತ್ತರಕ್ಕೆ ಇಟ್ಟಿಗೆ ಇಡಿ. ಚಾಪೆಯಲ್ಲಿ ಮಲಗುವವರು ಸೊಂಟದಿಂದ ಮೇಲಕ್ಕೆ ಇಳಿಜಾರಾಗುವಂತೆ ಹಲಗೆಯನ್ನೋ ಮಡಿಸಿದ ಕೌದಿಗಳನ್ನೋ ಹಾಕಿಕೊಳ್ಳಬಹುದು. ಎಡಮಗ್ಗುಲಲ್ಲಿ ಮಲಗಿದಾಗ ಕೂಡುಗೆಯು ಜಠರದಲ್ಲಿನ ದ್ರವದ ಮಟ್ಟಕ್ಕಿಂತ ಮೇಲಿರುತ್ತದೆ, ಬಲಮಗ್ಗುಲಲ್ಲಿ ಅದರೊಳಗೆ ಮುಳುಗುತ್ತದೆ. ಜಠರದ ಚಿತ್ರ ಬರೆದು, ಹಾಳೆಯನ್ನು ತಿರುಗಿಸಿ ನೋಡಿದರೆ ವಿದ್ಯಾರ್ಥಿಗಳಿಗೆ ತಾನೇ ಹೊಳೆಯುತ್ತದೆ.

ಸೀರೆಯ ಒಳಲಂಗದ ಲಾಡಿ, ಪ್ಯಾಂಟಿನ ಬೆಲ್ಟು ಬಿಗಿಯಾಗಿ ಕಟ್ಟಬಾರದು. ಬೊಜ್ಜಿದ್ದರೆ ತೂಕ ಇಳಿಸುವುದು ಎಲ್ಲಕ್ಕಿಂತ ಫಲಕಾರಿ. ಬೀಡಿ, ಸಿಗರೇಟು, ಮದ್ಯ ಸಂಕೋಚಕವನ್ನು ಸಡಿಲಗೊಳಿಸುತ್ತವೆ. ಎಣ್ಣೆಯಲ್ಲಿ ಕರಿದದ್ದು, ಕಾಫಿ, ಹುಳಿ ಹೆಚ್ಚಾದ ಟೊಮೆಟೊ ಸಾರು ಕೆಲವರಿಗೆ ಆಗುವುದಿಲ್ಲ, ಕೆಲವರಿಗೆ ಏನೂ ಮಾಡುವುದಿಲ್ಲ. ತಮಗೆ ಯಾವುದು ಆಗದು ಎಂದು ಎರಡು ವಾರ ಬರೆದಿಟ್ಟು ನೋಡುವುದು, ಉದ್ದನೆಯ ಪಥ್ಯದ ಪಟ್ಟಿ ಒಪ್ಪಿಸಿಕೊಳ್ಳುವುದಕ್ಕಿಂತ ಮೇಲು. ಬಾಗಿ ಮಾಡುವ ಕೆಲಸ ಊಟಕ್ಕೆ ಮೊದಲೇ ಆಗಲಿ. ಹೊಕ್ಕುಳು ಜಾರಿದೆ ಎಂದು ಹೊಟ್ಟೆ ತಿಕ್ಕಿಸಿಕೊಳ್ಳುವುದರಿಂದ ಜಠರ ಕೆಳಗೆ ಬರುವುದಿಲ್ಲ.

ಮಾತ್ರೆಗಳ ರಸಾಯನಶಾಸ್ತ್ರ

ಅಡಿಗೆ ಸೋಡ, ಅಂದರೆ ಸೋಡಿಯಂ ಬೈಕಾರ್ಬೊನೇಟ್, ಹೈಡ್ರೊಕ್ಲೋರಿಕ್ ಆಮ್ಲದೊಡನೆ ಸೇರಿ ಉಪ್ಪು, ನೀರು, ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆ ಅನಿಲವೇ ‘ಗ್ಯಾಸ್ ಹೊರಬಂತು’ ಎನಿಸುವ ತೇಗು. ಅದನ್ನು ಉಂಟುಮಾಡಿದ್ದೇ ಸೋಡ! ಉಪಶಮನ ಅರ್ಧ ಗಂಟೆಯದು. ರಕ್ತದೊತ್ತಡ ಇರುವವರಿಗೆ ಸೋಡಿಯಂ ಹೊರೆ ಬೇರೆ. ಮೆಗ್ನೀಸಿಯಂ, ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ದ್ರವಗಳು ಇದಕ್ಕಿಂತ ವಾಸಿ. ಸಮುದ್ರಕಳೆಯಿಂದ ತೆಗೆದ ಆಲ್ಜಿನೇಟ್ ಜಠರದ ಮೇಲ್ಭಾಗದಲ್ಲಿ ತೆಪ್ಪದಂತೆ ತೇಲಿ ಆಮ್ಲವನ್ನು ತಡೆಯುತ್ತದೆ.

ಆಮ್ಲದ ಉತ್ಪಾದನೆಯನ್ನೇ ತಗ್ಗಿಸುವ ಔಷಧಿಗಳು ಬಂದದ್ದು ಜೇಮ್ಸ್ ಬ್ಲ್ಯಾಕ್ ಅವರ ಕೆಲಸದಿಂದ. ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆ ವರ್ಗದ ರ‍್ಯಾನಿಟಿಡಿನ್ ನಮ್ಮಲ್ಲಿ ಮನೆಮಾತಾಗಿತ್ತು. ಅದರಲ್ಲಿ ಹಾನಿಕರ ಕಲ್ಮಶ ಉಂಟಾಗುತ್ತದೆಂಬ ಕಾರಣಕ್ಕೆ ಅಮೆರಿಕ 2020ರಲ್ಲಿ ಮಾರುಕಟ್ಟೆಯಿಂದ ತೆಗೆಸಿತು, ಭಾರತದ ಅಗತ್ಯ ಔಷಧಿಗಳ ಪಟ್ಟಿಯಿಂದ 2022ರಲ್ಲಿ ಅದನ್ನು ಕೈಬಿಡಲಾಯಿತು. ಇಂದು ಹೆಚ್ಚು ಬಳಕೆಯಲ್ಲಿರುವವು ಒಮೆಪ್ರಜಾಲ್, ಪ್ಯಾಂಟೊಪ್ರಜಾಲ್. ಇವು ಜಠರದ ಕೋಶಗಳಲ್ಲಿ ಹೈಡ್ರೋಜನ್ ಅಯಾನುಗಳನ್ನು ಹೊರತಳ್ಳುವ ‘ಪಂಪು’ಗಳನ್ನು ಕಟ್ಟಿಹಾಕುತ್ತವೆ. ಆದರೆ ಕೆಲಸ ಮಾಡುತ್ತಿರುವ ಪಂಪನ್ನು ಮಾತ್ರ ಇವು ಹಿಡಿಯಬಲ್ಲವು, ರಕ್ತದಲ್ಲಿ ಇವು ಉಳಿಯುವುದು ಒಂದೆರಡು ಗಂಟೆ ಮಾತ್ರ. ಊಟವೇ ಪಂಪುಗಳನ್ನು ಎಬ್ಬಿಸುವುದು. ಆದ್ದರಿಂದ ಮಾತ್ರೆಯನ್ನು ತಿಂಡಿಗೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. ರಾತ್ರಿ ಊಟವಾದ ಮೇಲೆ ಎದೆ ಉರಿದಾಗ ನುಂಗಿದರೆ ಹಣ ದಂಡ.

ಸಾಮಾನ್ಯವಾಗಿ 4ರಿಂದ 8 ವಾರ ಕೊಟ್ಟು, ಮತ್ತೆ ನೋಡಿ, ಸಾಕಾಗುವ ಕನಿಷ್ಠ ಪ್ರಮಾಣಕ್ಕೆ ಇಳಿಸುತ್ತಾರೆ. ಅಂಗಡಿಯಿಂದ ತಾವೇ ತಂದು ವರ್ಷಗಟ್ಟಲೆ ನುಂಗಿದರೆ ಬಿ12 ಜೀವಸತ್ವ, ಮೆಗ್ನೀಸಿಯಂ ಕೊರತೆಯಾಗಬಹುದು. ಥಟ್ಟನೆ ನಿಲ್ಲಿಸಿದರೆ ಕೆಲವು ದಿನ ಆಮ್ಲ ಮೊದಲಿಗಿಂತ ಹೆಚ್ಚಾಗಿ ಉಕ್ಕುವುದರಿಂದ ‘ಮಾತ್ರೆ ಬಿಟ್ಟರೆ ಬದುಕಲಾರೆ’ ಎನಿಸುತ್ತದೆ. ನಿಧಾನವಾಗಿ ಇಳಿಸಬೇಕು. ಮಾತ್ರೆ ಹರ್ನಿಯಾವನ್ನು ಸರಿಪಡಿಸುವುದಿಲ್ಲ, ಮೇಲೆ ಬರುವ ದ್ರವದ ಹುಳಿಯನ್ನು ಮಾತ್ರ ತೆಗೆಯುತ್ತದೆ. ಉರಿ ಹೋದರೂ ಕೆಲವರಿಗೆ ಗಂಟಲಿಗೆ ನೀರು ಬರುವುದು ನಿಲ್ಲದಿರುವುದು ಇದಕ್ಕೇ.

ಶಸ್ತ್ರಕ್ರಿಯೆ

ಔಷಧಿಯಿಂದ ಹತೋಟಿಗೆ ಬಾರದವರು, ಜೀವನಪರ್ಯಂತ ಮಾತ್ರೆ ಬೇಡವೆನ್ನುವವರು, ಪಕ್ಕದಿಂದ ನುಸುಳಿದ ಬಗೆಯವರಲ್ಲಿ ತೊಂದರೆ ಇರುವವರು, ಇವರಿಗೆ ಶಸ್ತ್ರಕ್ರಿಯೆ. ಇದರ ಹಿಂದೆ ಸ್ವಾರಸ್ಯಕರ ಇತಿಹಾಸವಿದೆ. ರುಡಾಲ್ಫ್ ನಿಸ್ಸನ್ ಬರ್ಲಿನ್ನಿನಲ್ಲಿದ್ದ ಯಹೂದಿ ಮೂಲದ ಶಸ್ತ್ರವೈದ್ಯ. 1933ರಲ್ಲಿ ಜರ್ಮನಿ ಬಿಟ್ಟು ಇಸ್ತಾಂಬುಲ್ ಸೇರಿದರು. ಅಲ್ಲಿ ಒಬ್ಬ ರೋಗಿಯ ಅನ್ನನಾಳದ ಕೆಳತುದಿಯ ಹುಣ್ಣನ್ನು ತೆಗೆದು, ಹೊಲಿಗೆ ಸೋರದಿರಲೆಂದು ಜಠರದ ಮಡಿಕೆಯನ್ನು ಸುತ್ತಿದ್ದರು. ವರ್ಷಗಳ ನಂತರವೂ ಆ ರೋಗಿಗೆ ಎದೆಯುರಿ ಬರಲಿಲ್ಲವೆಂಬುದು ಅವರ ತಲೆಯಲ್ಲಿ ಉಳಿಯಿತು. 1955ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಬೇಕೆಂದೇ ಹಾಗೆ ಸುತ್ತುವ ಶಸ್ತ್ರಕ್ರಿಯೆ ಮಾಡಿ 1956ರಲ್ಲಿ ಪ್ರಕಟಿಸಿದರು. ನಡುವೆ ಅಮೆರಿಕದಲ್ಲಿದ್ದಾಗ, 1948ರಲ್ಲಿ, ಆಲ್ಬರ್ಟ್ ಐನ್‌ಸ್ಟೈನರ ಹೊಟ್ಟೆಯಲ್ಲಿ ಉಬ್ಬಿದ್ದ ಮಹಾಪಧಮನಿಗೆ ಸೆಲ್ಲೊಫೇನ್ ಹಾಳೆ ಸುತ್ತಿದವರೂ ಇವರೇ. ಸುತ್ತುವುದರಲ್ಲಿ ಇವರದು ಪಳಗಿದ ಕೈ!

ಈಗ ಈ ಶಸ್ತ್ರಕ್ರಿಯೆಯನ್ನು ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರಗಳ ಮೂಲಕ ಲ್ಯಾಪರೊಸ್ಕೋಪಿನಿಂದ ಮಾಡುತ್ತಾರೆ. 1991ರಿಂದ ಈ ಕ್ರಮ ಬಳಕೆಗೆ ಬಂತು. ಜಠರವನ್ನು ಕೆಳಗೆಳೆದು, ಸಡಿಲವಾದ ಕಿಂಡಿಯನ್ನು ಹೊಲಿಗೆಯಿಂದ ಬಿಗಿಗೊಳಿಸಿ, ಜಠರದ ಗುಮ್ಮಟವನ್ನು ಅನ್ನನಾಳದ ತುದಿಗೆ ಮಫ್ಲರಿನಂತೆ ಪೂರ್ತಿಯಾಗಿ ಅಥವಾ ಭಾಗಶಃ ಸುತ್ತುತ್ತಾರೆ. ಜಠರ ತುಂಬಿ ಉಬ್ಬಿದಷ್ಟೂ ಸುತ್ತು ಬಿಗಿಯಾಗಿ ದಾರಿ ಮುಚ್ಚುತ್ತದೆ. ಒತ್ತಡವನ್ನೇ ಬೀಗವನ್ನಾಗಿ ಮಾಡುವ ಉಪಾಯ ಇದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಇರುವವರು ಯಾವ ಆಸ್ಪತ್ರೆಯಲ್ಲಿ ಇದಕ್ಕೆ ಅನುಕೂಲವಿದೆಯೆಂದು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಇದು ಶಾಶ್ವತ ಪರಿಹಾರವೇ ಎಂದು ಕೇಳುವಿರಿ. ದೊಡ್ಡ ಹರ್ನಿಯಾಗಳನ್ನು ಸರಿಪಡಿಸಿಕೊಂಡವರನ್ನು ಅಮೆರಿಕದ ಒಂದು ಅಧ್ಯಯನದಲ್ಲಿ ಸುಮಾರು ಐದು ವರ್ಷಗಳ ನಂತರ ಎಕ್ಸ್-ರೇ ತೆಗೆದು ನೋಡಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಹರ್ನಿಯಾ ಸ್ವಲ್ಪಮಟ್ಟಿಗೆ ಮರುಕಳಿಸಿತ್ತು. 2011ರಲ್ಲಿ ಪ್ರಕಟವಾದ ಈ ಫಲಿತಾಂಶ ನಿರಾಶಾದಾಯಕ ಎನಿಸಬಹುದು. ಆದರೆ ಆ ರೋಗಿಗಳಲ್ಲಿ ಬಹಳ ಮಂದಿಗೆ ಎದೆಯುರಿ ಮರಳಿರಲಿಲ್ಲ, ಮತ್ತೆ ಶಸ್ತ್ರಕ್ರಿಯೆ ಬೇಕಾದವರು ಕೆಲವರೇ.

ಶಸ್ತ್ರಕ್ರಿಯೆಯ ನಂತರ ಸುತ್ತಿದ ಜಾಗ ಊದಿಕೊಂಡಿರುವುದರಿಂದ ಮೂರು ನಾಲ್ಕು ವಾರ ನುಂಗುವುದು ಕಷ್ಟ. ಮೊದಲು ತೆಳು ರಾಗಿ ಗಂಜಿ, ಆಮೇಲೆ ಮೆತ್ತಗೆ ಬೇಯಿಸಿದ ಅನ್ನ, ಬೇಳೆ ಕಟ್ಟು. ಒಣ ಚಪಾತಿ, ಮಾಂಸದ ತುಂಡು ಸಿಕ್ಕಿಕೊಳ್ಳುವ ಸಂಭವ ಹೆಚ್ಚು. ಮುದ್ದೆಯನ್ನು ಅಗಿಯದೆ ನುಂಗಿಯೇ ರೂಢಿಯಾದವರು ಅದಕ್ಕೆ ಮರಳುವ ಮೊದಲು ಶಸ್ತ್ರವೈದ್ಯರನ್ನು ಕೇಳಿ, ತುತ್ತು ಚಿಕ್ಕದು ಮಾಡಿಕೊಳ್ಳಬೇಕು. ತೇಗು ಸರಾಗವಾಗಿ ಬಾರದೆ ಹೊಟ್ಟೆ ಉಬ್ಬರ ಕೆಲವು ತಿಂಗಳು ಇರಬಹುದು, ಆ ಕಾಲಕ್ಕೆ ಸೋಡ, ತಂಪು ಪಾನೀಯ ಬೇಡ. ಟೊಮೆಟೊ ಕ್ರೇಟಿನಂಥ ಭಾರವನ್ನು ಕನಿಷ್ಠ ಆರು ವಾರ ಎತ್ತಬಾರದು.